ವೇಷ ಉಂಟು, ಮಾತಿಲ್ಲ

ಮುಂಬಯಿಯ ಚೆಂಬೂರಿನಲ್ಲಿ ನಮ್ಮ ಬಿಲ್ಡಿಂಗಿನ ಪಕ್ಕದ ಮನೆಯ ಅಜ್ಜ, ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಡುಗೆ ಭಟ್ಟರಾಗಿದ್ದವರು, ಯಕ್ಷಗಾನದ ಮಾತುಗಾರಿಕೆ ಕೇಳಿ ಬೆಳೆದವರು. ಕನ್ನಡಕ್ಕೆ ಡಬ್ ಆದ ಗ್ರೀಕ್ ಪುರಾಣದ ಧಾರಾವಾಹಿ ನೋಡಲು ನಮ್ಮಲ್ಲಿಗೇ ಬರುತ್ತಿದ್ದರು. ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿ, "ವೇಷ ಉಂಟು ಮಾರಾಯ್ತಿ, ಮಾತಿಲ್ಲ" ಎಂದು ದೇವರುಗಳನ್ನೆಲ್ಲ ಫೇಲು ಮಾಡುತ್ತಿದ್ದರು.

ಒಂದು ದಿನ ಆ ಧಾರಾವಾಹಿಯಲ್ಲಿ ಬಂದ ರಾಣಿಯ ದನಿ ನನ್ನ ಮಗಳದು. ಮಲಾಡಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳ ಮೊದಲ ಕೆಲಸ. ತಡವರಿಸುವ ಕನ್ನಡದ ಹುಡುಗಿ ಅಜ್ಜನ ಮುಖವನ್ನೇ ನೋಡುತ್ತ ಉಗುರು ಕಚ್ಚುತ್ತಿದ್ದಳು. ಟಿವಿಯಲ್ಲಿ, ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮರಳಿದ ರಾಜನನ್ನು, ಗುರುತು ಹಿಡಿಯದ ರಾಣಿ ಕೇಳಿದಳು: "ಊಟ ಆಯ್ತಾ?"

ಅಜ್ಜನ ತಾಳ ನಿಂತಿತು. ಕಣ್ಣು ಮುಚ್ಚಿಕೊಂಡೇ ಟಿವಿಗೆ ಉತ್ತರ ಕೊಟ್ಟರು: "ಆಯ್ತು ಮಗಾ, ನಿನ್ನದಾಯ್ತಾ?"