ಕೆರೆಯ ದಂಡೆಯಲ್ಲಿ ಮಾವ ಹೇಳಿದ್ದು

ಸೈನ್ಯದಿಂದ ನಿವೃತ್ತರಾಗಿ ಊರಿಗೆ ಬಂದಿದ್ದ ನನ್ನ ಸೋದರಮಾವನಿಗೆ ಹಾರ್ಟ್ ಅಟ್ಯಾಕ್ ಆಯಿತು. ದಿನಾ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದ್ದರಿಂದ ಒಂದು ಭಾನುವಾರ ಅವರನ್ನು ಗುರುವಾಯನಕೆರೆಯ ಆಚೆಗಿನ ಕಾಡಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕೆರೆಯ ಸುತ್ತ ಏರಿಳಿತವಿಲ್ಲದ ಕಾಲುದಾರಿ ಉಂಟು.

ಮರಗಳ ಸಂದಿನಲ್ಲಿ ದೂರಕ್ಕೆ ಗಡಾಯಿಕಲ್ಲು ಕಂಡಿತು. "ಆ ಬಂಡೆಯ ಮೇಲಿನ ಕೋಟೆಯಿಂದ ಕೈದಿಗಳನ್ನು ಕೆಳಗೆ ತಳ್ಳುತ್ತಿದ್ದರಂತೆ ಮಾವ," ಎಂದೆ, ನಡಿಗೆಗೆ ಒಂದು ಕತೆ ಇರಲಿ ಎಂದು.

ಮಾವ ನಿಂತುಬಿಟ್ಟರು. ಆದರೆ ಬಂಡೆಯನ್ನು ನೋಡಲಿಲ್ಲ, ನೀರನ್ನೇ ನೋಡುತ್ತಿದ್ದರು.

"ಗಡಿಯಲ್ಲೂ ಇಂಥದೇ ಒಂದು ಕೆರೆ ಇತ್ತು. ನೀರು ತರುವ ಸರದಿ ನನ್ನದು. ಜ್ವರ ಅಂತ ಮಲಗಿದ್ದೆ. ನನ್ನ ಬದಲು ಗೆಳೆಯ ಹೋದ, ಫರಂಗಿಪೇಟೆಯವ. ದಡದಲ್ಲಿ ನೆಲಬಾಂಬು ಇತ್ತು."

ಇಪ್ಪತ್ತು ವರ್ಷ ಅವರು ಇದನ್ನು ಯಾರಿಗೂ ಹೇಳಿರಲಿಲ್ಲ. ಗೆಳೆಯನ ಮನೆಗೂ ಹೋಗಿರಲಿಲ್ಲ.

"ಅವರ ಮನೆಗೆ ಹೋಗುವ, ಮಾವ, ನಾನೂ ಬರ್ತೇನೆ," ಎಂದು ಒತ್ತಾಯ ಮಾಡಿದೆ.

ಮರುವಾರ ಹೋದೆವು. ಗೆಳೆಯನ ಮುದಿ ತಾಯಿ ಚಹಾ ಕೊಟ್ಟು ಕೇಳಿದ್ದು ಒಂದೇ ಮಾತು: "ಕೊನೆಗೆ ಅವನು ಏನಾದರೂ ಹೇಳಿದನಾ ಮಗಾ?"

"ನಿಮ್ಮನ್ನು ಕರೆದ, ಉಮ್ಮಾ."

ಆಕೆ ಮಾವನ ಎರಡೂ ಕೈ ಹಿಡಿದುಕೊಂಡು ಅತ್ತರು. ತುಂಬ ಹೊತ್ತು ಬಿಡಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ತಿರುಗಿ ಹೇಳಿದರು: "ನಾವು ಆ ಕೆರೆಗೆ ಓಡಿ ಮುಟ್ಟುವಾಗ ಅವನಲ್ಲಿ ಜೀವವೇ ಇರಲಿಲ್ಲ. ನನಗೆ ಜ್ವರವೂ ಅಷ್ಟೇನೂ ಇರಲಿಲ್ಲ."

ಆಮೇಲೆ ಎಷ್ಟು ಕರೆದರೂ ಮಾವ ನಡೆಯಲಿಕ್ಕೆ ಬರಲಿಲ್ಲ. ಅವರನ್ನು ಆ ಮನೆಗೆ ಕರೆದುಕೊಂಡು ಹೋದದ್ದು ಸರಿಯೇ ಎಂದು ನಾನು ಈಗಲೂ ಕೇಳಿಕೊಳ್ಳುತ್ತೇನೆ.