ಅತ್ತೆ ಹಿಂದೆ ಹಾಡಿದರು

ಗಾಯಕ ಮೊದಲ ಸಾಲು ಮುಗಿಸಿದ್ದೇ ತಡ, ಪಕ್ಕದಲ್ಲಿದ್ದ ನನ್ನ ಅತ್ತೆ ಅದೇ ಸಾಲನ್ನು ಗಟ್ಟಿಯಾಗಿ ಹಾಡಿಬಿಟ್ಟರು. ಎಲ್ಲರೂ ತಿರುಗಿ ನೋಡಿದರು.

ತರಕಾರಿಗೆಂದು ಶಹಾಪುರಕ್ಕೆ ಬಂದವರು, ತೀರಿಹೋದ ಸಿನಿಮಾ ಗಾಯಕರೊಬ್ಬರ ಹಾಡುಗಳ ಆರ್ಕೆಸ್ಟ್ರಾ ಎಂಬ ಬ್ಯಾನರ್ ನೋಡಿ ಆ ಸಣ್ಣ ಹಾಲ್‌ಗೆ ನುಗ್ಗಿದ್ದೆವು. ನಾಚಿಕೆಯಾಗಿ ಅತ್ತೆಯ ಕೈ ಅದುಮಿದೆ.

“ನೆಲ್ಲು ಹಚ್ಚುವಾಗ ಒಬ್ಬಾಕಿ ಹಾಡು ಅಂದ್ರ ಉಳಿದವರು ಹಿಂದ ಅನ್ನಬೇಕಲ್ಲವಾ? ಅಂವ ಒಬ್ಬನೇ ಹಾಡಾಕತ್ತಾನ, ಪಾಪ,” ಎಂದರು.

ಗಾಯಕ ನಗಲಿಲ್ಲ. “ಅನ್ರೀ ಯವ್ವಾ, ನಾ ನಿಂದ್ರತೀನಿ,” ಎಂದು ಪ್ರತಿ ಸಾಲಿಗೂ ಅವರಿಗಾಗಿ ಕಾದ.

ಕಾಲುವೆ ಗದ್ದೆಯಲ್ಲಿ ತಮ್ಮ ಜೊತೆ ನೆಲ್ಲು ನಾಟಿ ಮಾಡುತ್ತಿದ್ದ ತಮ್ಮ ತಂಗಿ ತೀರಿದ ಮೇಲೆ ಅತ್ತೆ ಹಾಡಿರಲೇ ಇಲ್ಲ. ಈಗ ರೊಟ್ಟಿ ಬಡಿಯುತ್ತಾ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ನನ್ನದು ಒಡಕು ದನಿ. ಆದರೂ ಹಿಂದೆ ಹಾಡುತ್ತೇನೆ.