ಲಿಫ್ಟಿಲ್ಲದ ಆಸ್ಪತ್ರೆಯ ಲಿಫ್ಟಣ್ಣ

ಕೆಲಸಕ್ಕೆ ಹಾಜರಾಗಲು ಬಂದ ದಿನ ಅವನು ಆಸ್ಪತ್ರೆಯ ಸುತ್ತ ಒಂದು ಸುತ್ತು ಹಾಕಿದ. ತಾನು ತಪ್ಪು ವಿಳಾಸಕ್ಕೆ ಬಂದಿರಬೇಕು ಅನ್ನಿಸಿತು. ಹೆಬ್ಬಾಗಿಲ ಮೇಲೆ ಹೆಸರೇನೋ ಸರಿಯಾಗಿಯೇ ಇತ್ತು. ಆದರೆ ಕಟ್ಟಡ ನೆಲ ಅಂತಸ್ತಿನಲ್ಲೇ ಮುಗಿದುಹೋಗಿತ್ತು. ತಾರಸಿಯ ಮೇಲೆ ಕಬ್ಬಿಣದ ಸರಳುಗಳು ಬಾಚದ ತಲೆಯ ಹಾಗೆ ಕೆದರಿ ನಿಂತಿದ್ದವು.

ಕೈಯಲ್ಲಿದ್ದ ಆದೇಶದಲ್ಲಿ ‘ಲಿಫ್ಟ್ ಆಪರೇಟರ್’ ಎಂದಿತ್ತು.

ಅದಕ್ಕೆ ಮುಂಚೆ ಅವನು ದೊಡ್ಡ ಬಟ್ಟೆ ಅಂಗಡಿಯೊಂದರ ಲಿಫ್ಟಿನಲ್ಲಿದ್ದ. ‘ಪರದೆ, ಹೊದಿಕೆ ಎರಡನೇ ಮಹಡಿ, ಮಕ್ಕಳ ಉಡುಪು ಮೂರನೇ ಮಹಡಿ’ ಎಂದು ನಿದ್ದೆಯಲ್ಲೂ ಕನವರಿಸುತ್ತಿದ್ದವನು. ಆರೋಗ್ಯ ಇಲಾಖೆ ಅರ್ಜಿ ಕರೆದಾಗ ಅನುಭವ ಇದ್ದವನು ಅವನೊಬ್ಬನೇ. ಶಿಫಾರಸು ಇಲ್ಲದೆ, ಯಾರ ಕೈಯನ್ನೂ ಬಿಸಿ ಮಾಡದೆ ಸರ್ಕಾರಿ ಕೆಲಸ ಸಿಕ್ಕಿತ್ತು. ಇದರಲ್ಲಿ ಏನೋ ಐಬಿದೆ ಎಂದು ಹೆಂಡತಿಗೆ ಆಗಲೇ ಅನುಮಾನ ಬಂದಿತ್ತು.

ಒಳಗೆ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಲಿಫ್ಟ್ ಎಲ್ಲಿದೆ ಸಾರ್?” ಎಂದ ಅವನು.

“ಮೊದ್ಲು ಮಹಡಿ ಎಲ್ಲಿದೆ ಅಂತ ಕೇಳಪ್ಪ,” ಎಂದರು ಅವರು.

ನಕ್ಷೆಯಲ್ಲಿ ಮಹಡಿಗಳಿದ್ದವು. ನೆಲ ಅಂತಸ್ತು ಏಳುವಷ್ಟರಲ್ಲಿ ಅನುದಾನ ಖಾಲಿಯಾಗಿತ್ತು. ಉದ್ಘಾಟನೆ ಮಾಡಿದವರ ಹೆಸರು ಕೆತ್ತಿದ ಅಮೃತಶಿಲೆಯ ಫಲಕವೊಂದು ಮಾತ್ರ ಕಟ್ಟಡಕ್ಕಿಂತ ಗಟ್ಟಿಯಾಗಿತ್ತು. ಇಲಾಖೆಯ ಸಿಬ್ಬಂದಿ ಶಾಖೆಗೆ ಕಟ್ಟಡ ಅರ್ಧಕ್ಕೆ ನಿಂತ ಸುದ್ದಿ ತಲುಪಿರಲಿಲ್ಲ. ಹಾಗಾಗಿ ನಕ್ಷೆಯ ಪ್ರಕಾರ ಲಿಫ್ಟಿಗೆ ಆಳನ್ನು ಕಳಿಸಿತ್ತು. ಯೋಜನಾ ಶಾಖೆಗೆ ಸುದ್ದಿ ತಲುಪಿತ್ತು. ಹಾಗಾಗಿ ಮಹಡಿಯ ವಾರ್ಡುಗಳು ಏಳುವ ತನಕ ನರ್ಸುಗಳು ಬೇಡ ಎಂದು ಬರೆದಿತ್ತು. ಹೀಗೆ ಇಲ್ಲದ ಲಿಫ್ಟಿಗೆ ಆಪರೇಟರು ಬಂದ, ಇರುವ ರೋಗಿಗಳಿಗೆ ನರ್ಸು ಬರಲಿಲ್ಲ.

ಲಿಫ್ಟಿಗೆಂದು ಗೋಡೆಗಳ ನಡುವೆ ಬಿಟ್ಟಿದ್ದ ಚೌಕದ ಗುಂಡಿ ಮಾತ್ರ ಇತ್ತು. ಅದರಲ್ಲಿ ಕಾಲು ಮುರಿದ ಮಂಚಗಳನ್ನು ಪೇರಿಸಿದ್ದರು. ಅದರ ಪಕ್ಕ ಒಂದು ಸ್ಟೂಲು ಹಾಕಿ ಅವನನ್ನು ಕೂರಿಸಿದರು. ಆ ಗಳಿಗೆಯಿಂದ ಅವನ ಸ್ವಂತ ಹೆಸರು ಹಾಜರಿಗಷ್ಟೇ ಉಳಿದು, ಉಳಿದೆಲ್ಲರಿಗೂ ಅವನು ಲಿಫ್ಟಣ್ಣನಾದ.

ಸುಮ್ಮನೆ ಕೂರುವುದು ಸುಖದ ಕೆಲಸ ಎಂದುಕೊಂಡವರು ಸುಮ್ಮನೆ ಕೂತು ನೋಡಬೇಕು. ಮೊದಲ ವಾರವೇ ಅವನಿಗೆ ಸೊಂಟ ಹಿಡಿಯಿತು. ಮುಂದಿನ ವಾರ ಹೆಡ್ ನರ್ಸು ಅವನ ಎದುರು ಬಂದು ನಿಂತಳು. ಇಡೀ ಆಸ್ಪತ್ರೆಗೆ ಹಗಲು ಇದ್ದ ನರ್ಸು ಅವಳೊಬ್ಬಳೇ. ಹೆಡ್ ಎಂದು ಕರೆಸಿಕೊಳ್ಳಲು ಕೆಳಗೆ ಯಾರೂ ಇರಲಿಲ್ಲ.

“ಲಿಫ್ಟಣ್ಣ, ಈ ಗ್ಲೂಕೋಸ್ ಬಾಟಲಿ ಸ್ವಲ್ಪ ಎತ್ತಿ ಹಿಡ್ಕೋ. ಸ್ಟ್ಯಾಂಡ್ ಮುರಿದೋಗಿದೆ.”

“ಎಷ್ಟೆತ್ತರಕ್ಕೆ ಹಿಡೀಲಿ ಅಕ್ಕಾ?”

“ಎತ್ತರದ ವಿಷ್ಯ ನನ್ನ ಕೇಳ್ತೀಯಲ್ಲೋ, ಅದು ನಿನ್ನ ಇಲಾಖೆ ಅಲ್ವಾ!”

ಅಂದು ಎತ್ತಿದ ಕೈಯನ್ನು ಅವನು ಮತ್ತೆ ಇಳಿಸಲಿಲ್ಲ ಎನ್ನಬೇಕು. ಬಾಟಲಿ ಹಿಡಿದ, ಸ್ಟ್ರೆಚರ್ ತಳ್ಳಿದ, ಚೀಟಿ ಬರೆದುಕೊಟ್ಟ, ವಾಂತಿ ಒರೆಸಿದ. ಅವನಿಗೆ ಒಂದು ಕಲೆ ಸಿದ್ಧಿಸಿತ್ತು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಾಗ ಜನ ಎಂಥವರೇ ಆಗಲಿ ಒಂದು ಚಣ ಹೆದರುತ್ತಾರೆ, ಆಗ ಯಾರಾದರೂ ಸಲೀಸಾಗಿ ಮಾತಾಡಿಸಿದರೆ ಉಸಿರು ಬಿಡುತ್ತಾರೆ. ಆಸ್ಪತ್ರೆಯಲ್ಲಂತೂ ಎಲ್ಲರೂ ಹಾಗೇ ಇದ್ದರು. ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡ ಗಾರೆಯವನೊಬ್ಬ ಊರೇ ಕಿತ್ತುಹೋಗುವಂತೆ ಕಿರುಚುತ್ತಿದ್ದಾಗ, ಇವನು ಹೋಗಿ, “ಅಲ್ಲ ಮಾರಾಯ, ನಮ್ಮ ಅಂಗಡೀಲಿ ಒಬ್ರು ಕನ್ನಡೀನ ಬಾಗ್ಲು ಅಂದ್ಕೊಂಡು, ತಮಗೆ ತಾವೇ ದಾರಿ ಬಿಡಿ ಅಂತ ಜಗಳ ಆಡಿದ್ರು, ಗೊತ್ತಾ?” ಎಂದು ಶುರು ಮಾಡಿದ. ಕಥೆ ಮುಗಿಯುವುದರೊಳಗೆ ದೊಡ್ಡ ಡಾಕ್ಟರು ಮೂಳೆ ಕೂರಿಸಿ ಕೈ ತೊಳೆದಿದ್ದರು.

ಇಷ್ಟಾದರೂ ಮೇಲಿನವರ ಮಟ್ಟಿಗೆ ಅವನು ಲಿಫ್ಟು ನಡೆಸುತ್ತಲೇ ಇದ್ದ. ‘ಲಿಫ್ಟಿನ ಬಗ್ಗೆ ಸಾರ್ವಜನಿಕರ ದೂರುಗಳಿವೆಯೇ?’ ಎಂದು ಕೇಂದ್ರ ಕಚೇರಿ ಆಗಾಗ ಕೇಳುತ್ತಿತ್ತು. ‘ಇಲ್ಲ’ ಎಂದು ದೊಡ್ಡ ಡಾಕ್ಟರು ಬರೆಯುತ್ತಿದ್ದರು. ‘ಅಪಘಾತಗಳೇನಾದರೂ?’ ‘ಇಲ್ಲ.’ ಅವರು ಸುಳ್ಳು ಬರೆದವರಲ್ಲ. ಕೊನೆಗೊಂದು ವರ್ಷ, ಅಪಘಾತರಹಿತ ಸೇವೆಗಾಗಿ ಇಲಾಖೆ ಅವನಿಗೆ ಪ್ರಶಂಸಾಪತ್ರವನ್ನೇ ಕಳಿಸಿಬಿಟ್ಟಿತು. ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ಸಂಸಾರದ ಅರ್ಧ ಭಾರ ಹೊತ್ತಿದ್ದ ಹೆಂಡತಿ ಅದನ್ನು ಬೀರುವಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದಳು.

“ಹೊರಗಡೆ ಹಾಕೇ, ಬಂದವ್ರು ನೋಡ್ಲಿ,” ಎಂದ ಅವನು.

“ನೋಡಿ, ಎಷ್ಟನೇ ಮಹಡಿ ಅಂತ ಕೇಳಿದ್ರೆ ಏನ್ರೀ ಹೇಳ್ಲಿ?” ಎಂದು ಅವಳು ಬೀರುವಿನ ಬಾಗಿಲು ಹಾಕಿದಳು.

ಹೀಗೆ ಎಲ್ಲರೂ ನೆಮ್ಮದಿಯಾಗಿದ್ದಾಗ ಲೆಕ್ಕಪತ್ರ ಸಮಿತಿ ಬರುತ್ತದೆಂಬ ಸುದ್ದಿ ಬಂತು. ಆರೋಗ್ಯ ಇಲಾಖೆಯ ಖರ್ಚು, ನೇಮಕ, ಯೋಜನೆ ಎಲ್ಲವನ್ನೂ ಕಣ್ಣಾರೆ ನೋಡಿ ವರದಿ ಕೊಡಲು ಜನಪ್ರತಿನಿಧಿಗಳು ಬರುವವರಿದ್ದರು. ಕೇಂದ್ರ ಕಚೇರಿಯಿಂದ ಸಿಬ್ಬಂದಿ ಅಧಿಕಾರಿ ಮುಂಚಿತವಾಗಿಯೇ ಓಡಿಬಂದರು. ಗುಂಡಿಯನ್ನು ನೋಡಿದರು, ತಲೆ ಎತ್ತಿ ಸೂರನ್ನು ನೋಡಿದರು, ಹಣೆ ಒರೆಸಿಕೊಂಡರು.

ನರ್ಸುಗಳನ್ನು ಕಳಿಸುವ ಸಮಯ ಅದಲ್ಲ ಎಂದು ಅವರಿಗೆ ತೋರಿತು. ಬದಲಿಗೆ ಬಡಗಿಯನ್ನು ಕರೆಸಿದರು. ಗುಂಡಿಗೆ ತಳತಳ ಹೊಳೆಯುವ ಎರಡು ತಗಡಿನ ಬಾಗಿಲು ಬಂದವು. ಪಕ್ಕದಲ್ಲಿ ಬಟನ್ ಒತ್ತಿದರೆ ಕೆಂಪು ದೀಪ ಉರಿಯುವ ವ್ಯವಸ್ಥೆಯಾಯಿತು. ಮೇಲೆ ‘ದುರಸ್ತಿಯಲ್ಲಿದೆ’ ಎಂಬ ಹಲಗೆ ತೂಗಿತು. ಲಿಫ್ಟಣ್ಣನಿಗೆ ಹೊಸ ಸಮವಸ್ತ್ರವೂ ಬಂತು. ಅಳತೆ ಸರಿಯಿರಲಿಲ್ಲವೆಂದು ಹೆಂಡತಿ ಅದರ ತೋಳು ಬಿಚ್ಚಿ ಮತ್ತೆ ಹೊಲಿದುಕೊಟ್ಟಳು.

“ಏನು ಕೇಳಿದ್ರೂ ದುರಸ್ತಿಯಲ್ಲಿದೆ ಅನ್ನು. ಅಷ್ಟೇ. ಅದಕ್ಕಿಂತ ಒಂದಕ್ಷರ ಜಾಸ್ತಿ ಬೇಡ,” ಎಂದು ಅಧಿಕಾರಿ ಗಿಳಿಪಾಠ ಹೇಳಿಸಿದರು.

ಸಮಿತಿಯ ಅಧ್ಯಕ್ಷೆ ಮಂಡಿನೋವಿನ ವೃದ್ಧೆ. ಕೋಲೂರಿಕೊಂಡು ಅಡುಗೆಮನೆಯಿಂದ ಔಷಧದ ಕೋಣೆಯವರೆಗೆ ಎಲ್ಲವನ್ನೂ ನೋಡಿ ದಣಿದು ಬಂದವರಿಗೆ ಹೊಳೆಯುವ ಬಾಗಿಲು ಕಂಡು ಮುಖ ಅರಳಿತು.

“ಅಬ್ಬಾ, ಲಿಫ್ಟಿದೆ! ಮೇಲಿನ ವಾರ್ಡು ನೋಡೋಣ ನಡೀರಿ.”

“ದುರಸ್ತಿಯಲ್ಲಿದೆ ಅಮ್ಮಾ,” ಎಂದ ಲಿಫ್ಟಣ್ಣ, ಪಾಠ ಮರೆಯದೆ.

“ಅಯ್ಯೋ. ಏನು ಕೆಟ್ಟಿದೆ?”

ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಅವನು ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಗೋಡೆಯ ಕಡೆ ನೋಡುತ್ತಿದ್ದರು.

“ಮೇಲಿನ ಭಾಗ ಅಮ್ಮಾ.”

“ಮೇಲಿನ ಭಾಗ ಅಂದ್ರೆ? ಮೋಟಾರಾ?”

“ಅಲ್ಲ ಅಮ್ಮಾ... ಮಹಡಿ.”

ಯಾರೋ ಕೆಮ್ಮಿದರು. ಅಧ್ಯಕ್ಷೆ ಕೋಲಿನ ತುದಿಯಿಂದ ತಗಡಿನ ಬಾಗಿಲನ್ನು ಮೆಲ್ಲಗೆ ತಳ್ಳಿದರು. ಅದು ತೆರೆದುಕೊಂಡಿತು. ಕಾಲು ಮುರಿದ ಮಂಚಗಳು ಒಂದರ ಹೆಗಲ ಮೇಲೊಂದು ನಿಂತು ಅವರನ್ನು ಸ್ವಾಗತಿಸಿದವು. ಅವರು ಮೊದಲು ಜೋರಾಗಿ ನಕ್ಕರು. ಆಮೇಲೆ, ಹೆಡ್ ನರ್ಸು ಒಂದೇ ಕೈಯಲ್ಲಿ ಎರಡು ಕೆಲಸ ಹಿಡಿದು ಓಡುವುದನ್ನು ನೋಡಿ, ನಗು ನಿಲ್ಲಿಸಿದರು. “ಇವಳ ಜೊತೆ ಇನ್ಯಾರಿದ್ದಾರೆ?” ಎಂದು ಕೇಳಿದರು. ದೊಡ್ಡ ಡಾಕ್ಟರು ಲಿಫ್ಟಣ್ಣನನ್ನು ತೋರಿಸಿದರು.

ವರದಿ ಖಾರವಾಗಿಯೇ ಬಂತು. ಮಹಡಿಯ ದುಡ್ಡು ಎಲ್ಲಿ, ನರ್ಸುಗಳೆಲ್ಲಿ, ಯೋಜನೆ ಮಾಡಿದವರು ಯಾರು ಎಂದು ಸಮಿತಿ ಕೇಳಿತ್ತು. ಇಲಾಖೆ ಅಷ್ಟೇ ವಿನಯದಿಂದ ಉತ್ತರ ಕೊಟ್ಟಿತು: ದುಡ್ಡಿನ ವಿಚಾರವನ್ನು ಗಮನಿಸಲಾಗಿದೆ, ನರ್ಸುಗಳ ವಿಚಾರ ಪರಿಶೀಲನೆಯಲ್ಲಿದೆ, ಯೋಜನೆಯ ವಿಚಾರಕ್ಕೆ ಉಪಸಮಿತಿ ರಚಿಸಲಾಗುವುದು, ಮತ್ತು ಕೆಲಸವಿಲ್ಲದೆ ಕುಳಿತಿದ್ದ ಲಿಫ್ಟ್ ಆಪರೇಟರನ್ನು ತಕ್ಷಣದಿಂದ ಕೇಂದ್ರ ಕಚೇರಿಗೆ ವರ್ಗಾಯಿಸಲಾಗಿದೆ. ಇಡೀ ವರದಿಯಿಂದ ಆದ ಕ್ರಮ ಅದೊಂದೇ.

ಹೊರಡುವ ದಿನ ಹೆಡ್ ನರ್ಸು ಮುಖ ಊದಿಸಿಕೊಂಡಿದ್ದಳು.

“ಸಮಿತಿ ಬಂದು ನನಗೆ ಆಳು ಕೊಡ್ತಾರೆ ಅಂದ್ಕೊಂಡಿದ್ದೆ. ಇದ್ದ ಒಬ್ಬನನ್ನೂ ಕಿತ್ಕೊಂಡ್ರಲ್ಲೋ!”

ಅವನು ಚೀಲ ಹೆಗಲಿಗೇರಿಸಿದ. “ಕೇಳ್ತೀನಿ ಅಕ್ಕಾ, ಅಲ್ಲಿ ಕೇಳ್ತೀನಿ,” ಎಂದ.

ಕೇಂದ್ರ ಕಚೇರಿಯ ಲಿಫ್ಟು ನಿಜವಾದ ಲಿಫ್ಟು. ಮೇಲೆ ಹೋಗುತ್ತಿತ್ತು, ಕೆಳಗೂ ಬರುತ್ತಿತ್ತು. ಕೈಯಿಟ್ಟಾಗ ಅವನಿಗೆ ಕಣ್ಣು ತೇವವಾದದ್ದು ನಿಜ. ಆದರೆ ಕೊಟ್ಟ ಮಾತು ಕುಟುಕುತ್ತಿತ್ತು. ಮೂರನೇ ಮಹಡಿಯ ಯೋಜನಾ ಅಧಿಕಾರಿ ಹತ್ತಿದಾಗ, “ಸಾರ್, ನಮ್ಮ ಆಸ್ಪತ್ರೆ ನರ್ಸುಗಳ ಫೈಲು ಎಲ್ಲಿದೆ?” ಎಂದು ಕೇಳಿದ. “ಸಿಬ್ಬಂದಿ ಶಾಖೇಲಿ,” ಎಂದು ಅವರು ಇಳಿದರು. ನಾಲ್ಕನೇ ಮಹಡಿಯ ಸಿಬ್ಬಂದಿ ಅಧಿಕಾರಿ ‘ದುರಸ್ತಿಯಲ್ಲಿದೆ’ಯ ಸಿಟ್ಟನ್ನು ಇನ್ನೂ ಮರೆತಿರಲಿಲ್ಲ. “ಹಣಕಾಸಿನವರ ಹತ್ರ ಇದೆ, ನಿಂಗ್ಯಾಕೆ ಅದೆಲ್ಲ?” ಎಂದರು. ಐದನೇ ಮಹಡಿಯ ಹಣಕಾಸು ಅಧಿಕಾರಿ ಮೃದುಭಾಷಿ ಹೆಂಗಸು. “ಯೋಜನಾ ಶಾಖೆಯವರು ಕಳಿಸಿದ್ರೆ ತಾನೇ ನಾನು ಸಹಿ ಹಾಕೋದು?” ಎಂದರು. ಮರುದಿನ ಮತ್ತೆ ಕೇಳಿದ. ಮರುದಿನವೂ ಅವೇ ಉತ್ತರಗಳು ಅವೇ ಮಹಡಿಗಳಲ್ಲಿ ಇಳಿದುಹೋದವು. ಮೂವರೂ ಒಂದೇ ಲಿಫ್ಟಿನಲ್ಲಿ ಓಡಾಡುತ್ತಿದ್ದರು. ಒಟ್ಟಿಗೆ ಮಾತ್ರ ಎಂದೂ ಸಿಗುತ್ತಿರಲಿಲ್ಲ.

ಒಂದು ಬೆಳಗ್ಗೆ ಸಿಕ್ಕರು. ಯಾವುದೋ ಸಭೆಗೆ ತಡವಾಗಿ ಮೂವರೂ ಒಟ್ಟಿಗೇ ನುಗ್ಗಿದರು. ಎರಡನೇ ಮಹಡಿ ದಾಟಿ ಒಂದು ಗೇಣು ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಲಿಫ್ಟು ನಿಂತಿತು. ಕತ್ತಲು.

ಹಣಕಾಸು ಅಧಿಕಾರಿಗೆ ಉಸಿರು ಕಟ್ಟತೊಡಗಿತು. “ಅಯ್ಯೋ, ಬಾಗ್ಲು ತೆಗೀರಿ, ಯಾರಾದ್ರೂ ಬಾಗ್ಲು ತೆಗೀರಿ,” ಎಂದು ಗೋಡೆ ಬಡಿದರು.

“ಹೆದ್ರಬೇಡಿ ಮೇಡಮ್, ಗಾಳಿ ಬೇಕಾದಷ್ಟಿದೆ. ಈಗ ಬರುತ್ತೆ ಕರೆಂಟು. ಕೂತ್ಕೊಳಿ. ಹಾಂ, ಹಾಗೆ. ನಮ್ಮ ಹೆಡ್ ನರ್ಸಕ್ಕನ ಕಥೆ ಹೇಳ್ತೀನಿ ಕೇಳಿ,” ಎಂದ ಲಿಫ್ಟಣ್ಣ. ಹೇಳಿದ. ಒಂದು ಕಡೆ ಹೆರಿಗೆ ನೋವು, ಇನ್ನೊಂದು ಕಡೆ ಹಾವು ಕಚ್ಚಿದವನು, ನಡುವೆ ನಿಂತು ಯಾವ ಕಡೆ ಓಡಲಿ ಎಂದು ಅವಳು ಕಣ್ಣೀರು ಹಾಕಿದ ದಿನವನ್ನು ಹೇಳಿದ. ಅವನದು ದೂರುವ ದನಿಯಾಗಿರಲಿಲ್ಲ; ಗಾರೆಯವನಿಗೆ ಕನ್ನಡಿಯ ಕಥೆ ಹೇಳಿದ ದನಿಯೇ ಇದೂ. ಮೇಡಮ್ಮಿನ ಉಸಿರು ಹತೋಟಿಗೆ ಬಂತು.

ಆಮೇಲೆ ಅವನು ಕತ್ತಲಿಗೇ ಕೇಳಿದ:

“ಅಂದ ಹಾಗೆ, ಮೂರೂ ಜನ ಇಲ್ಲೇ ಇದ್ದೀರಲ್ಲ. ಆ ಫೈಲು ಈಗ ಯಾರ ಹತ್ರ ಇದೆ?”

“ಸಿಬ್ಬಂದಿಯವ್ರ ಹತ್ರ,” ಎಂದಿತು ಒಂದು ದನಿ, ಅಭ್ಯಾಸಬಲದಿಂದ.

“ನನ್ನ ಹತ್ರ ಎಲ್ಲಿದೆ ಸ್ವಾಮಿ? ನಾನು ಮೇಡಮ್‌ಗೆ ಕಳಿಸಿದ್ದೆ.”

“ನನಗೆ ಬಂದೇ ಇಲ್ಲ!” ಎಂದರು ಮೇಡಮ್, ಈಗ ಉಸಿರು ಚೆನ್ನಾಗಿಯೇ ಆಡುತ್ತಾ. “ಇಷ್ಟು ದಿನ ನನ್ನ ಹೆಸರು ಹೇಳ್ಕೊಂಡು ತಿರುಗ್ತಿದ್ರಾ ನೀವು?”

ಇಳಿದುಹೋಗಲು ಮಹಡಿ ಇರಲಿಲ್ಲ. ಜಗಳ ಏರುತ್ತಾ ಹೋಗಿ, ಫೈಲು ಯೋಜನಾ ಅಧಿಕಾರಿಯ ಮೇಜಿನ ಮೇಲೇ, ಗಾಳಿಗೆ ಹಾರಬಾರದೆಂದು ಬೇರೆ ಫೈಲುಗಳ ಮೇಲೆ ಭಾರಕ್ಕೆ ಕೂತಿದೆ ಎಂಬುದು ಹೊರಬಿತ್ತು. ಆಗ ಕರೆಂಟು ಬಂತು. ಅದು ತಾನಾಗಿಯೇ ಹೋದದ್ದು ಎಂದು ಲಿಫ್ಟಣ್ಣ ಇವತ್ತಿಗೂ ಆಣೆ ಮಾಡುತ್ತಾನೆ. ಹೆಂಡತಿ ನಂಬುವುದಿಲ್ಲ.

ಹಣಕಾಸು ಅಧಿಕಾರಿ ಅದೇ ವಾರ ಸಹಿ ಹಾಕಿದರು. ಇಬ್ಬರು ನರ್ಸುಗಳ ನೇಮಕವಾಯಿತು. ಕೆಲವು ದಿನಗಳ ಮೇಲೆ ಹೆಡ್ ನರ್ಸು ಫೋನು ಮಾಡಿದಳು.

“ಲಿಫ್ಟಣ್ಣ, ಬಂದ್ಲು ಕಣೋ! ಚುರುಕಾಗಿದ್ದಾಳೆ ಹುಡುಗಿ. ಇವತ್ತು ನಾನು ಕೂತ್ಕೊಂಡು ಊಟ ಮಾಡ್ದೆ.”

“ಇನ್ನೊಬ್ಳು ಅಕ್ಕಾ?”

“ಅವಳನ್ನ ನಿಮ್ಮ ಕಚೇರಿಗೇ ಎರವಲು ಕರೆಸ್ಕೊಂಡಿದ್ದಾರಂತೆ. ಏನು ಕೆಲ್ಸವೋ ದೇವ್ರೇ ಬಲ್ಲ.”

ಮರುದಿನ ಬೆಳಗ್ಗೆ ಬಿಳಿ ಉಡುಪಿನ ಹುಡುಗಿಯೊಬ್ಬಳು ಕೈತುಂಬ ಕಾಗದ ಹಿಡಿದು ಲಿಫ್ಟು ಹತ್ತಿದಳು. ಸಿಬ್ಬಂದಿ ಶಾಖೆಗೆ ಹೋಗಬೇಕು ಎಂದಳು.

“ಅಲ್ಲಿ ಏನು ಕೆಲ್ಸ ತಾಯಿ ನಿಂಗೆ?”

“ಯಾವ್ಯಾವ ಆಸ್ಪತ್ರೇಲಿ ನರ್ಸುಗಳಿಲ್ಲ ಅಂತ ಪಟ್ಟಿ ಮಾಡೋದು ಅಣ್ಣಾ. ಮಾಡೋಕೆ ಜನ ಇಲ್ಲ ಅಂತ ನನ್ನ ಹಾಕಿದ್ದಾರೆ.”

ಲಿಫ್ಟಣ್ಣ ಬಾಗಿಲು ಮುಚ್ಚಲಿಲ್ಲ. ಹೊರಗೆ ಸಿಬ್ಬಂದಿ ಅಧಿಕಾರಿ ಚೀಲ ಬೀಸುತ್ತಾ ಬರುತ್ತಿದ್ದರು.

“ಬನ್ನಿ ಸಾರ್, ಜಾಗ ಇದೆ,” ಎಂದು ಅವನು ಬಲು ಗೌರವದಿಂದ ಕರೆದ.

ಅಧಿಕಾರಿ ಒಳಗಿದ್ದ ಹುಡುಗಿಯನ್ನು ನೋಡಿದರು, ಅವನನ್ನು ನೋಡಿದರು, ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಗೊಣಗಿಕೊಂಡು ಮೆಟ್ಟಿಲ ಕಡೆ ತಿರುಗಿದರು.